ಕಾಯಿ ಕಡಿಯುವ ಮೊದಲು ದಾರಿ ಕಡಿಯಿರಿ

ಆರು ಮೂಲೆಯ ಮನೆಗಳ ಯುದ್ಧದಾಟದಲ್ಲಿ ಶತ್ರುವಿನ ಒಂದು ಕಾಯಿಯನ್ನು ಸುತ್ತುವರಿಯಲು ಎಷ್ಟು ಕಾಯಿ ಬೇಕು? ಹೊಸದಾಗಿ ಆಡಲು ಕೂತವರು ಸುತ್ತಲಿನ ಮನೆಗಳನ್ನು ಎಣಿಸಿ ಆರು ಎನ್ನುತ್ತಾರೆ. ನಿಜಕ್ಕೂ ಎರಡು ಸಾಕು. ಒಂದನ್ನು ಶತ್ರುವಿನ ಎದುರು ಮನೆಯಲ್ಲಿ, ಇನ್ನೊಂದನ್ನು ಅವನ ಬೆನ್ನ ಹಿಂದಿನ ಮನೆಯಲ್ಲಿ ನೇರಾನೇರ ನಿಲ್ಲಿಸಿದರೆ ಉಳಿದ ನಾಲ್ಕು ಮನೆಗಳೂ ಮುಚ್ಚಿಕೊಳ್ಳುತ್ತವೆ. ಹೆಕ್ಸ್ ಎಂದು ಕರೆಯುವ ಈ ಆಟಗಳಲ್ಲಿ ಗೆಲ್ಲುವವರಿಗೂ ಸೋಲುವವರಿಗೂ ಇರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ಲೆಕ್ಕದ್ದು. ದಾಳದ ಅದೃಷ್ಟದ ಪಾಲು ಅಷ್ಟಿಲ್ಲ.

ನಾಲ್ಕು ಮನೆ ಹೇಗೆ ಮುಚ್ಚುತ್ತವೆ? ಈ ಆಟಗಳಲ್ಲಿ ಪ್ರತಿ ಕಾಯಿಗೂ ತಾನು ನಿಂತ ಮನೆಯ ಜೊತೆಗೆ ಸುತ್ತಲಿನ ಆರು ಮನೆಗಳ ಮೇಲೂ ಹಿಡಿತ ಇರುತ್ತದೆ. ಆಡುವವರು ಇದನ್ನು ಝೋನ್ ಆಫ್ ಕಂಟ್ರೋಲ್ ಎನ್ನುತ್ತಾರೆ, ಮಾತಿನಲ್ಲಿ ಬರಿ ‘ಝಾಕ್’. ಇಲ್ಲಿ ನಾನು ಹಿಡಿತ ಎಂದೇ ಬರೆಯುತ್ತೇನೆ. ಶತ್ರುವಿನ ಹಿಡಿತದ ಮನೆಗೆ ಕಾಲಿಟ್ಟ ಕಾಯಿ ಅಲ್ಲೇ ನಿಲ್ಲಬೇಕು. ಆ ಮನೆಗೆ ಹಿಮ್ಮೆಟ್ಟುವಂತಿಲ್ಲ, ಅದರ ಮೂಲಕ ಸರಬರಾಜು ಹಾಯುವಂತಿಲ್ಲ. ಎದುರಿನ ಕಾಯಿಯ ಹಿಡಿತ ಅದರ ಎರಡೂ ಪಕ್ಕದ ಮನೆಗಳನ್ನು ಮುಚ್ಚುತ್ತದೆ, ಹಿಂದಿನ ಕಾಯಿಯದು ಉಳಿದೆರಡನ್ನು. ಶತ್ರುವಿನ ಬಳಿ ಗುಂಡು, ಗುಂಡಿಗೆ ಎರಡೂ ಇರಬಹುದು. ಹೋಗಲು ದಾರಿ ಮಾತ್ರ ಇಲ್ಲ.

ಹುಲಿ-ಕುರಿ ಆಟ ಆಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಕುರಿಗೆ ಹುಲಿಯನ್ನು ಕಡಿಯುವ ಹಕ್ಕೇ ಇಲ್ಲ. ಹುಲಿ ಅಲ್ಲಾಡದಂತೆ ಎಲ್ಲ ಗೆರೆಗಳನ್ನೂ ಕಟ್ಟಿಹಾಕಿದಾಗ ಕುರಿಗಳು ಗೆದ್ದಂತೆ. ಹೆಕ್ಸ್ ಯುದ್ಧದಾಟಕ್ಕೂ ಇದೇ ಕಣ್ಣು ಬೇಕು.

ಆರು ಮೂಲೆಯೇ ಏಕೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟ ಹೊರತಂದು, 1958ರಲ್ಲಿ ಅವಲಾನ್ ಹಿಲ್ ಕಂಪನಿ ಆರಂಭಿಸಿದರು. ಆಗಿನ ಪಟಗಳಲ್ಲಿ ಚೌಕದ ಮನೆಗಳಿದ್ದವು. 1961ರಲ್ಲಿ ‘ಡಿ-ಡೇ’ ಮತ್ತು ಹೊಸ ‘ಗೆಟಿಸ್‌ಬರ್ಗ್’ ಆಟಗಳೊಂದಿಗೆ ಷಟ್ಕೋನ ಬಂತು. ಚೌಕದಲ್ಲಿ ಮೂಲೆಯಿಂದ ಮೂಲೆಗೆ ನಡೆದ ಕಾಯಿ ನೇರ ನಡೆದ ಕಾಯಿಗಿಂತ ಸುಮಾರು 1.4 ಪಟ್ಟು ದೂರ ಹೋಗಿಬಿಡುತ್ತದೆ. ಷಟ್ಕೋನದಲ್ಲಿ ಆರೂ ನೆರೆಮನೆಗಳು ಸಮಾನ ದೂರದಲ್ಲಿವೆ. ಹಾಗಾಗಿ ದೂರವನ್ನು ಮನೆ ಎಣಿಸಿ ಹೇಳಬಹುದು, ಸರಬರಾಜಿನ ದಾರಿಯನ್ನೂ ಹಾಗೆಯೇ ಅಳೆಯಬಹುದು.

ನಿಯಮಪುಸ್ತಕ ಎಲ್ಲಿಂದ ಓದಬೇಕು

ಹೊಸ ಆಟದ ಪೆಟ್ಟಿಗೆ ತೆರೆದವರ ಕೈ ಮೊದಲು ಹೋಗುವುದು ಕದನದ ಫಲಿತಾಂಶ ಕೋಷ್ಟಕಕ್ಕೆ. ಎಷ್ಟಕ್ಕೆ ಎಷ್ಟು ಬಲವಿದ್ದರೆ ಯಾವ ಗರಕ್ಕೆ ಏನಾಗುತ್ತದೆ ಎಂದು ನೋಡುವ ಆಸೆ ಸಹಜ. ನನ್ನ ಸಲಹೆ ಬೇರೆ: ಮೊದಲು ಸರಬರಾಜಿನ ಅಧ್ಯಾಯ ಓದಿ. ಕದನದ ಕೋಷ್ಟಕ ಒಂದು ಮನೆಯಲ್ಲಿ ಏನಾಗುತ್ತದೆ ಎಂದಷ್ಟೇ ಹೇಳುತ್ತದೆ. ಪಟದಲ್ಲಿ ಯಾವ ಊರು, ಯಾವ ರೈಲು ಕೂಡುದಾರಿ, ಯಾವ ಸೇತುವೆ ಮುಖ್ಯ ಎಂಬುದು ಗೊತ್ತಾಗುವುದು ಸರಬರಾಜಿನ ನಿಯಮದಿಂದ.

ಬಹುಪಾಲು ಆಟಗಳಲ್ಲಿ ನಿಯಮದ ಮೈಕಟ್ಟು ಒಂದೇ. ಪಟದ ಅಂಚಿನಲ್ಲೋ ಯಾವುದೋ ನಗರದಲ್ಲೋ ಸರಬರಾಜಿನ ಮೂಲ ಇರುತ್ತದೆ. ಕಾಯಿಯಿಂದ ಆ ಮೂಲದವರೆಗೆ ಒಂದಕ್ಕೊಂದು ತಾಗಿದ ಮನೆಗಳ ಸರಪಳಿ ಸಿಗಬೇಕು. ಆ ಸರಪಳಿಯಲ್ಲಿ ಶತ್ರುವಿನ ಕಾಯಿಯಾಗಲಿ ಹಿಡಿತವಾಗಲಿ ಇರಕೂಡದು. ಕಾಯಿಯಿಂದ ರಸ್ತೆ ಅಥವಾ ರೈಲಿನವರೆಗಿನ ತುಂಡಿಗೆ ಇಷ್ಟು ಮನೆ ಎಂಬ ಮಿತಿ ಇರುತ್ತದೆ. ರೈಲು ಸಿಕ್ಕಮೇಲೆ ಸಾಮಾನ್ಯವಾಗಿ ಮಿತಿ ಇಲ್ಲ. ರಷ್ಯಾದ ರಣರಂಗದ ಆಟಗಳಲ್ಲಿ ಇದಕ್ಕೊಂದು ತೊಡಕು ಸೇರುತ್ತದೆ. ಸೋವಿಯತ್ ರೈಲು ಹಳಿಗಳ ನಡುವಿನ ಅಂತರ ಜರ್ಮನರ 1435 ಮಿಲಿಮೀಟರಿಗಿಂತ ಅಗಲವಾಗಿತ್ತು. ಹಳಿ ಬದಲಿಸಿದಷ್ಟು ದೂರ ಮಾತ್ರ ಜರ್ಮನ್ ರೈಲು ಓಡುತ್ತಿತ್ತು. ಹಾಗಾಗಿ ಟ್ಯಾಂಕು ಮುಂದೆ ಓಡಿದರೂ ಹಳಿ ಬದಲಿಸುವ ತುಕಡಿ ಹಿಂದೆ ತೆವಳುತ್ತಲೇ ಬರುತ್ತದೆ.

ಮೈಕಟ್ಟು ಒಂದೇ ಆದರೂ ಮೂರು ಕಡೆ ಆಟದಿಂದ ಆಟಕ್ಕೆ ಬದಲಾಗುತ್ತದೆ. ಪೆನ್ಸಿಲ್ ಹಿಡಿದು ಗುರುತು ಹಾಕಿಕೊಳ್ಳಬೇಕಾದ್ದು ಅಲ್ಲಿ. ಸರಬರಾಜನ್ನು ಯಾವಾಗ ಪರೀಕ್ಷಿಸುತ್ತಾರೆ ಎಂಬುದು ಮೊದಲನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಸರದಿಯ ಆರಂಭದಲ್ಲಿ ಪರೀಕ್ಷೆ ಎಂದಾದರೆ, ನೀವು ಈ ಸರದಿಯಲ್ಲಿ ದಾರಿ ಕಡಿದದ್ದು ಶತ್ರುವಿಗೆ ತಟ್ಟುವುದು ಅವನ ಸರದಿ ಬಂದಾಗ. ಅಷ್ಟರಲ್ಲಿ ನಿಮ್ಮ ಸುತ್ತು ಬಿಗಿಯಾಗಿ ಉಳಿದಿರಬೇಕು. ಕದನದ ಕ್ಷಣದಲ್ಲಿ ಪರೀಕ್ಷೆ ಎಂದಾದರೆ, ಮೊದಲು ದಾರಿ ಕಡಿದು ಅದೇ ಸರದಿಯಲ್ಲಿ ಹೊಡೆಯಬಹುದು. ದಾಳಿ ಮಾಡುವವನಿಗೆ ಒಂದು ಹೊತ್ತು, ತಡೆಯುವವನಿಗೆ ಇನ್ನೊಂದು ಹೊತ್ತು ಇಟ್ಟ ಆಟಗಳೂ ಇವೆ.

ಎರಡನೆಯದು, ಸರಬರಾಜು ತಪ್ಪಿದ ಕಾಯಿಗೆ ಏನಾಗುತ್ತದೆ ಎಂಬುದು. ನಡೆ ಅರ್ಧವಾಗುವುದು, ದಾಳಿಯ ಬಲ ಕುಗ್ಗುವುದು, ಹೊಸ ಸೈನಿಕರು ಸೇರದಿರುವುದು ಎಲ್ಲೆಡೆ ಸಾಮಾನ್ಯ. ರಕ್ಷಣೆಯ ಬಲ ಮಾತ್ರ ಕೆಲವು ಆಟಗಳಲ್ಲಿ ಹಾಗೇ ಉಳಿಯುತ್ತದೆ. ಅಂಥ ಆಟದಲ್ಲಿ ಸಿಕ್ಕಿಬಿದ್ದ ಕಾಯಿಯ ಮೇಲೆ ತಕ್ಷಣ ಎರಗುವುದು ವ್ಯರ್ಥ. ಮೂರನೆಯದು, ಸ್ವಂತ ಕಾಯಿ ನಿಂತ ಮನೆಯಲ್ಲಿ ಶತ್ರುವಿನ ಹಿಡಿತ ಅಳಿಯುತ್ತದೆಯೇ ಎಂಬುದು. ಅಳಿಯುತ್ತದೆ ಎಂದು ಬರೆದಿದ್ದರೆ, ಹಿಡಿತದ ಮನೆಗಳಲ್ಲಿ ಕಾಯಿಗಳನ್ನು ಸಾಲಾಗಿ ನಿಲ್ಲಿಸಿ ಶತ್ರುವಿನ ಮೂಗಿನಡಿಯಲ್ಲೇ ಸರಬರಾಜಿನ ಓಣಿ ಕಟ್ಟಬಹುದು. ಮೊದಲು ಹೇಳಿದ ಎರಡು ಕಾಯಿಯ ಸುತ್ತು ಮುರಿಯುವುದೂ ಇಂಥ ಕಡೆಯೇ.

ಎಷ್ಟು ಮನೆ ಬಿಡಬಹುದು

ನಿಮ್ಮ ಕಾಯಿಗಳು ಒಂದೇ ಸಾಲಿನಲ್ಲಿ ನಿಂತಿವೆ ಎಂದುಕೊಳ್ಳಿ. ನಡುವೆ ಒಂದೊಂದು ಮನೆ ಬಿಟ್ಟರೆ ಆ ಸಾಲು ಗೋಡೆಯಂತೆ. ಮುಂದಿನ ಮನೆಗಳೆಲ್ಲ ಹಿಡಿತದಲ್ಲಿವೆ, ನಡುವಿನ ಮನೆಯೂ ಹಿಡಿತದಲ್ಲಿದೆ, ಹಿಂದಿನ ಮನೆಗಳೂ ಹಿಡಿತದಲ್ಲಿವೆ. ಹಿಡಿತದಿಂದ ಹಿಡಿತಕ್ಕೆ ನಡೆಯುವಂತಿಲ್ಲ ಎಂಬ ನಿಯಮವಿರುವ ಆಟದಲ್ಲಿ ಇದನ್ನು ದಾಟಬೇಕಾದರೆ ಹೊಡೆದೇ ದಾಟಬೇಕು.

ಎರಡೆರಡು ಮನೆ ಬಿಟ್ಟರೆ ಕತೆ ಬೇರೆ. ಬಿಟ್ಟ ಎರಡೂ ಮನೆಗಳು ಹಿಡಿತದಲ್ಲಿರುತ್ತವೆ, ಆದ್ದರಿಂದ ಸರಬರಾಜು ಹಾಯುವುದಿಲ್ಲ. ಆದರೆ ಆ ಎರಡರ ನಡುವಿನ ಮುಂದಿನ ಮನೆ, ಹಿಂದಿನ ಮನೆ ಎರಡೂ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಶತ್ರು ಈ ಸರದಿ ಸಂದಿಗೆ ಬಂದು ನಿಲ್ಲುತ್ತಾನೆ, ಮುಂದಿನ ಸರದಿ ಜಾರಿಹೋಗುತ್ತಾನೆ. ಅಂದರೆ ಎರಡು ಮನೆಯ ಸಂದು ಅಕ್ಕಿಬೇಳೆಯನ್ನು ತಡೆಯುತ್ತದೆ, ಮನುಷ್ಯರನ್ನು ಒಂದು ಸರದಿ ತಡಮಾಡುತ್ತದೆ. ಮೂರು ಮನೆ ಬಿಟ್ಟರೆ ನಡುವೆ ಹಿಡಿತವೇ ಇಲ್ಲದ ಒಂದು ಮನೆ ಉಳಿಯುತ್ತದೆ. ಒಂದು ಮನೆಯ ಆ ಓಣಿಯಲ್ಲಿ ಇಡೀ ಸೇನೆ ನುಸುಳಬಲ್ಲದು.

ಆದ್ದರಿಂದ ಮೊದಲ ಸರದಿಯಲ್ಲಿ ವೇಗದ ಕಾಯಿಗಳಿಂದ ಎರಡು ಮನೆಯ ಸಂದಿಟ್ಟು ಸುತ್ತು ಹಾಕಿ. ಮರುಸರದಿಯಲ್ಲಿ ಕಾಲಾಳುಗಳು ಬಂದು ಸಂದನ್ನು ಒಂದಕ್ಕೆ ಇಳಿಸಲಿ. 1941ರಲ್ಲಿ ಮಿನ್ಸ್ಕ್, ಸ್ಮೊಲೆನ್ಸ್ಕ್‌ಗಳ ಬಳಿ ಜರ್ಮನ್ ಟ್ಯಾಂಕುಗಳು ಮುಂದೆ ಓಡಿ ಸುತ್ತು ಹಾಕಿದಾಗ ಕಾಲಾಳುಗಳು ಬಹಳ ಹಿಂದೆ ಉಳಿದಿದ್ದರು, ಸಿಕ್ಕಿಬಿದ್ದವರಲ್ಲಿ ಅನೇಕರು ಸಂದುಗಳಿಂದ ತಪ್ಪಿಸಿಕೊಂಡರು. ಸ್ಮೊಲೆನ್ಸ್ಕ್ ಕುರಿತ 1976ರ ‘ಪಾಂಜರ್‌ಗ್ರೂಪೆ ಗುಡೇರಿಯನ್’ ಆಡುವಾಗ ಈ ಆತಂಕ ಕೈಗೆ ತಾಗುತ್ತದೆ. ಜಿಮ್ ಡನಿಗನ್ ರೂಪಿಸಿದ ಈ ಆಟದಲ್ಲಿ ಸೋವಿಯತ್ ಕಾಯಿಗಳ ನಿಜವಾದ ಬಲ ಕದನಕ್ಕೆ ಇಳಿಯುವ ತನಕ ಇಬ್ಬರಿಗೂ ತಿಳಿಯುವುದಿಲ್ಲ.

ಸ್ಟಾಲಿನ್‌ಗ್ರಾಡ್‌ನ ಎರಡು ಸುತ್ತು

ಸುತ್ತುವರಿಯುವ ಕಲೆಗೆ ಒಂದೇ ಉದಾಹರಣೆ ಸಾಕು ಎಂದರೆ ನಾನು 1942ರ ನವೆಂಬರ್ 19ರಂದು ಶುರುವಾದ ಸೋವಿಯತ್ ಕಾರ್ಯಾಚರಣೆ ಯುರೇನಸ್ ಅನ್ನೇ ಹೇಳುವೆ. ಜನರಲ್ ಪೌಲಸ್‌ನ 6ನೇ ಸೇನೆ ಸ್ಟಾಲಿನ್‌ಗ್ರಾಡ್‌ನ ಬೀದಿಗಳಲ್ಲಿ ಸಿಕ್ಕಿಕೊಂಡಿತ್ತು. ಸೋವಿಯತ್ ಸೇನಾನಿಗಳು ಅದರ ಮೇಲೆ ನೇರ ಬೀಳಲಿಲ್ಲ. ಎರಡು ಬದಿಗಳನ್ನು ಕಾಯುತ್ತಿದ್ದ ರೊಮೇನಿಯದ 3ನೇ ಮತ್ತು 4ನೇ ಸೇನೆಗಳನ್ನು ಭೇದಿಸಿದರು. ಆ ಸೇನೆಗಳ ಬಳಿ ಟ್ಯಾಂಕು ತಡೆಯುವ ದೊಡ್ಡ ಫಿರಂಗಿಗಳು ತೀರ ಕಡಿಮೆ ಇದ್ದವು. ಉತ್ತರದಿಂದ ಒಂದು, ದಕ್ಷಿಣದಿಂದ ಒಂದು ತೋಳು ಚಾಚಿ, ಡಾನ್ ನದಿಯ ಕಲಾಚ್ ಸೇತುವೆಯನ್ನು ಹಿಡಿದು, ನವೆಂಬರ್ 23ರಂದು ಆ ಊರಿನ ಹತ್ತಿರ ಎರಡೂ ತೋಳುಗಳು ಕೂಡಿದವು. ಐದೇ ದಿನದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಒಳಗಾದರು.

ಇದನ್ನು ಪಟದ ಮೇಲೆ ಇಟ್ಟು ನೋಡಿ. ಭೇದಿಸಲು ಆರಿಸಿದ್ದು ಬಲವಾದ ಕಾಯಿಯ ಪಕ್ಕದ ದುರ್ಬಲ ಕಾಯಿ. ಗುರಿ ಇಟ್ಟದ್ದು ಶತ್ರುವಿನ ಸರಬರಾಜು ನದಿ ದಾಟುವ ಜಾಗ. ನಂತರದ ಕೆಲಸ ಆಟಗಾರರು ಹೆಚ್ಚಾಗಿ ಮರೆಯುವಂಥದ್ದು: ಒಳಗಿನವರತ್ತ ಮುಖ ಮಾಡಿದ ಒಳಸುತ್ತಿನ ಜೊತೆಗೆ, ಬಿಡಿಸಲು ಬರುವವರತ್ತ ಮುಖ ಮಾಡಿದ ಹೊರಸುತ್ತನ್ನೂ ಕಟ್ಟಿದರು. ಡಿಸೆಂಬರ್ 12ರಂದು ಹೊರಗಿನಿಂದ ಹೊರಟ ಜರ್ಮನ್ ಪಡೆ ಸುಮಾರು 48 ಕಿಲೋಮೀಟರ್ ಹತ್ತಿರದವರೆಗೂ ಬಂದು ನಿಂತುಹೋಯಿತು. ಅಷ್ಟರಲ್ಲಿ ಸೋವಿಯತ್ತರು ಡಿಸೆಂಬರ್ 16ರಂದು ಇನ್ನೂ ಪಶ್ಚಿಮಕ್ಕೆ ಮತ್ತೊಂದು ದಾಳಿ ಆರಂಭಿಸಿದ್ದರು. 24ರಂದು ಅವರ ಟ್ಯಾಂಕುಗಳು, ಒಳಗಿದ್ದವರಿಗೆ ವಿಮಾನದಲ್ಲಿ ಸಾಮಾನು ಹೊರಡುತ್ತಿದ್ದ ತಾತ್ಸಿನ್‌ಸ್ಕಯಾ ವಿಮಾನನಿಲ್ದಾಣಕ್ಕೇ ನುಗ್ಗಿದವು. ಒಳಗಿದ್ದವರಿಗೆ ದಿನಕ್ಕೆ ಕನಿಷ್ಠ 300 ಟನ್ ಸಾಮಾನು ಬೇಕಿತ್ತು. ವಿಮಾನಗಳು ತಂದು ಹಾಕಿದ್ದು ಸರಾಸರಿ 100 ಟನ್ನಿನ ಆಸುಪಾಸು. 1943ರ ಫೆಬ್ರುವರಿ 2ಕ್ಕೆ ಎಲ್ಲ ಮುಗಿಯಿತು; ಸೆರೆ ಸಿಕ್ಕಿದವರು ಸುಮಾರು 91,000. ಪಟದ ಮೇಲೆ ಒಂದು ಕಾಯಿ ತೆಗೆದಿಡುವುದು ಸುಲಭ. ಆ ಕಾಯಿಯ ಹಿಂದೆ ಹಿಮದಲ್ಲಿ ಹಸಿದು ಸತ್ತ ಮನುಷ್ಯರಿದ್ದರು ಎಂಬುದು ಆಡುವವರ ಮನಸ್ಸಿನಲ್ಲಿರಬೇಕು ಎಂದು ನಾನು ಬಯಸುತ್ತೇನೆ.

ಈ ರಣರಂಗವನ್ನೇ ಆಡಿ ಕಲಿಯಬೇಕೆಂದರೆ 2011ರಲ್ಲಿ ಬಂದ ಕಂಪ್ಯೂಟರ್ ಆಟ ‘ಯುನಿಟಿ ಆಫ್ ಕಮಾಂಡ್’ ಉತ್ತಮ ಗುರು. ರೈಲು ಹಳಿ, ಅದರಿಂದ ಲಾರಿಗಳು ಮುಟ್ಟುವ ದೂರ, ಯಾವ ಮನೆಗೆ ಸಾಮಾನು ತಲುಪುತ್ತದೆ ಎಂಬುದನ್ನೆಲ್ಲ ಅದು ಪಟದ ಮೇಲೇ ತೋರಿಸುತ್ತದೆ. ದಾರಿ ಕಡಿದ ಕಾಯಿ ಸರದಿ ಕಳೆದಂತೆ ಸೊರಗುತ್ತದೆ. ಸರದಿಗಳ ಸಂಖ್ಯೆ ಸೀಮಿತವಾಗಿರುವುದರಿಂದ ಎದುರಿಗೆ ಸಿಕ್ಕ ಕಾಯಿಗಳನ್ನೆಲ್ಲ ಹೊಡೆಯುತ್ತ ಹೋಗುವವರು ಗುರಿ ಮುಟ್ಟುವುದಿಲ್ಲ. ಪ್ರತಿ ನಡೆಗೂ ಮುಂಚೆ ಶತ್ರುವಿನ ಸರಬರಾಜಿನ ನೋಟವನ್ನೊಮ್ಮೆ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ದಾಳಿ ಮಾಡುವವನ ಹಸಿವು

ಶತ್ರುವಿನ ದಾರಿ ಕಡಿಯಲು ಹೊರಟವರ ಬೆನ್ನ ಹಿಂದೆಯೂ ಒಂದು ದಾರಿ ಇರುತ್ತದೆ. ಅದನ್ನು ಕಾಯದವರ ಗತಿ ಏನು ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಗೆ ಬಂದ. ಮೇ 15ರ ಕಾಳಗವನ್ನು ಗೆದ್ದ. ಆದರೆ ಟಿಪ್ಪುವಿನ ಕಡೆಯವರು ದಾರಿಯುದ್ದಕ್ಕೂ ಮೇವು, ಧಾನ್ಯ ಸಿಗದಂತೆ ಮಾಡಿದ್ದರು, ಅವರ ಕುದುರೆ ಪಡೆ ಬ್ರಿಟಿಷರ ಮಿತ್ರರಾದ ಮರಾಠರಿಗೆ ಹೋಗುವ ಸುದ್ದಿಗಳನ್ನು ತಡೆಯುತ್ತಿತ್ತು, ಫಿರಂಗಿ ಎಳೆಯುವ ಎತ್ತುಗಳು ಸಾಯುತ್ತಿದ್ದವು. ಗೆದ್ದ ಸೇನೆ ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿತು. ಮೇಲುಕೋಟೆಯ ಬಳಿ ಮರಾಠರು ಎದುರಾಗಿ ಅವರಲ್ಲಿದ್ದ ಧಾನ್ಯ ಸಿಕ್ಕಾಗಲೇ ಅದಕ್ಕೆ ಜೀವ ಬಂದದ್ದು.

ಮುಂದೆ ಆತ ಮಾಡಿದ್ದನ್ನು ಪ್ರತಿ ಆಟಗಾರನೂ ಗಮನಿಸಬೇಕು. ಮಳೆಗಾಲ ಕಳೆದ ಮೇಲೆ ನೇರ ರಾಜಧಾನಿಗೆ ಹೋಗದೆ ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದ. ಬಂಜಾರರ ಎತ್ತುಗಳ ಹಿಂಡುಗಳಿಂದ ಧಾನ್ಯ ತರಿಸಿದ. 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಹಿಂದಿನ ದಾರಿಯ ಮೇಲೆ ಶತ್ರುವಿನ ಹಿಡಿತ ಉಳಿದಿರಲಿಲ್ಲ. ಹೆಕ್ಸ್ ಪಟದಲ್ಲಿ ನಿಮ್ಮ ರಸ್ತೆಯ ಪಕ್ಕದ ಬೆಟ್ಟದ ಕೋಟೆಯಲ್ಲಿ ಶತ್ರುವಿನ ಒಂದು ಪುಟ್ಟ ಕಾಯಿ ಉಳಿದಿದ್ದರೆ ಅದರ ಹಿಡಿತ ಒಂದೇ ನಿಮ್ಮ ಸರಬರಾಜನ್ನು ನಿಲ್ಲಿಸಬಲ್ಲದು. ಅಂಥದನ್ನು ಕಾಯಲು ಒಂದು ಕಾಯಿ ಬಿಟ್ಟುಹೋಗಿ, ಇಲ್ಲವೆ ಹಿಡಿದು ಹೋಗಿ.

ದಾಳಿಗೂ ಸಾಮಾನು ಖರ್ಚಾಗುತ್ತದೆ ಎಂಬುದನ್ನು ಕಲಿಸುವ ಆಟಗಳು ಬೇರೆ ಇವೆ. 1964ರ ‘ಆಫ್ರಿಕಾ ಕೋರ್’ನಲ್ಲಿ ಜರ್ಮನ್ ಸೇನಾನಿ ರೊಮ್ಮೆಲ್‌ನ ಕಡೆಗೆ ಸರಬರಾಜು ಬಂದಿತೋ ಇಲ್ಲವೋ ಎಂಬುದನ್ನು ದಾಳ ಹಾಕಿ ನೋಡಬೇಕು, ಮೆಡಿಟರೇನಿಯನ್‌ನಲ್ಲಿ ಹಡಗುಗಳು ಮುಳುಗುತ್ತಿದ್ದ ಕಾಲದ ನೆರಳು ಅದು. ಡೀನ್ ಎಸ್ಸಿಗ್ 1992ರಿಂದ ತಂದ ಓಸಿಎಸ್ ಸರಣಿಯಲ್ಲಂತೂ ಮದ್ದುಗುಂಡು, ಇಂಧನಗಳೇ ಪಟದ ಮೇಲಿನ ಕಾಯಿಗಳು. ಲಾರಿಯಲ್ಲೋ ಗಾಡಿಯಲ್ಲೋ ಅವನ್ನು ಹೊತ್ತೊಯ್ಯಬೇಕು, ದಾಳಿ ಮಾಡಿದಾಗ ಖರ್ಚು ಹಾಕಬೇಕು, ಶತ್ರು ಕೈಹಾಕಿದರೆ ಕಳೆದುಕೊಳ್ಳಬೇಕು. ಓಸಿಎಸ್ ಕಷ್ಟದ ಸರಣಿ, ಮೊದಲ ಆಟವಾಗಿ ಬೇಡ. ಆದರೆ ಸರಬರಾಜು ಎಂದರೇನು ಎಂದು ಅಷ್ಟು ಚೆನ್ನಾಗಿ ತಿಳಿಸುವ ಇನ್ನೊಂದು ಆಟ ನನಗೆ ಗೊತ್ತಿಲ್ಲ.

ನೀವೇ ಒಳಗಾದರೆ

ಮೊದಲ ಸರದಿಯಲ್ಲೇ ತೀರ್ಮಾನಿಸಿ: ಹೊರಬರುವುದೋ, ಅಲ್ಲೇ ನಿಲ್ಲುವುದೋ. ಸುತ್ತು ಅತಿ ತೆಳುವಾಗಿರುವುದು ಆ ಸರದಿಯಲ್ಲಿ. ನಿಮ್ಮ ಬಲ ಇನ್ನೂ ಕುಗ್ಗದಿರುವುದೂ ಆ ಸರದಿಯಲ್ಲಿ. ಹೊರಬರುವುದಾದರೆ ಸುತ್ತಿನ ಒಂದೇ ಕಾಯಿಯನ್ನು ಆರಿಸಿ ಒಳಗಿನಿಂದಲೂ ಹೊರಗಿನಿಂದಲೂ ಹೊಡೆಯಿರಿ. ಎರಡು ಕಡೆಯ ನಡುವೆ ಸಿಕ್ಕ ಆ ಕಾಯಿ ಈಗ ತಾನೇ ಸುತ್ತುವರಿಯಲ್ಪಟ್ಟಿದೆ. ಹಿಮ್ಮೆಟ್ಟು ಎಂದು ಗರ ಬಿದ್ದರೂ ಹೋಗಲು ಜಾಗವಿಲ್ಲದೆ ಪಟದಿಂದಲೇ ಹೋಗುತ್ತದೆ.

ನಿಲ್ಲುವುದಾದರೆ ವಿಮಾನದ ಲೆಕ್ಕ ಮಾಡಿ. 1944ರ ಮಾರ್ಚ್‌ನಲ್ಲಿ ಜಪಾನಿನ ಜನರಲ್ ಮುತಾಗುಚಿ ಸುಮಾರು ಮೂರು ವಾರಕ್ಕಾಗುವಷ್ಟು ಆಹಾರ ಹೊರಿಸಿ ತನ್ನ 15ನೇ ಸೇನೆಯನ್ನು ಇಂಫಾಲ್, ಕೊಹಿಮಾಗಳತ್ತ ಕಳಿಸಿದ. ಉಳಿದದ್ದನ್ನು ಬ್ರಿಟಿಷರ ಉಗ್ರಾಣಗಳಿಂದ ಕಿತ್ತುಕೊಳ್ಳುವುದು ಯೋಜನೆ. ರಸ್ತೆ ಕಡಿದದ್ದೇನೋ ಆಯಿತು. ಆದರೆ ಇಂಫಾಲ್ ಕಣಿವೆಯಲ್ಲಿ ವಿಮಾನನಿಲ್ದಾಣಗಳು ಉಳಿದಿದ್ದವು. 5ನೇ ಭಾರತೀಯ ಡಿವಿಷನ್ ಅರಾಕಾನ್‌ನಿಂದ ಅಲ್ಲಿಗೆ ಹಾರಿಬಂದು ಇಳಿಯಿತು, ದಿನಸಿಯೂ ಆಕಾಶದಿಂದಲೇ ಬಂತು. ಸುತ್ತುವರಿದವರು ಹಸಿದರು. ಕೊಹಿಮಾದಲ್ಲಿದ್ದ ಜನರಲ್ ಸಾತೊ ಅನ್ನವಿಲ್ಲದೆ, ಆದೇಶಕ್ಕೂ ಕಾಯದೆ ತನ್ನ ಡಿವಿಷನ್ನನ್ನು ಹಿಂದೆಗೆದ. ಜೂನ್ 22ರಂದು ರಸ್ತೆ ತೆರೆಯಿತು. ಸ್ಟಾಲಿನ್‌ಗ್ರಾಡ್‌ಗೂ ಇಂಫಾಲ್‌ಗೂ ಇರುವ ಅಂತರ ಧೈರ್ಯದ್ದಲ್ಲ. ಇಳಿಯಲು ನಿಲ್ದಾಣ, ಸಾಕಷ್ಟು ವಿಮಾನ, ಆಕಾಶದ ಮೇಲೆ ಹಿಡಿತ, ಈ ಮೂರೂ ಒಟ್ಟಿಗೆ ಇಂಫಾಲ್‌ನಲ್ಲಿ ಇದ್ದವು, ಸ್ಟಾಲಿನ್‌ಗ್ರಾಡ್‌ನಲ್ಲಿ ಹಾಗಿರಲಿಲ್ಲ. ಆಟದಲ್ಲಿ ವಿಮಾನ ಸರಬರಾಜಿನ ನಿಯಮವಿದ್ದರೆ ಅದು ಎಷ್ಟು ಕಾಯಿಗಳನ್ನು ಸಾಕುತ್ತದೆ ಎಂದು ಎಣಿಸಿ. ಸಾಲದಿದ್ದರೆ ಇಂದೇ ಹೊರಡಿ.

ಕಾಗದದ ಮೇಲೊಂದು ಅಭ್ಯಾಸ

ದುಡ್ಡು ಖರ್ಚು ಮಾಡುವ ಮೊದಲು ಕೈ ಪಳಗಿಸಿಕೊಳ್ಳಲು ಉಚಿತ ದಾರಿಗಳಿವೆ. 2003ರಿಂದ ಬೆಳೆದುಬಂದಿರುವ ‘ಬ್ಯಾಟಲ್ ಫಾರ್ ವೆಸ್ನಾತ್’ ಎಂಬ ಮುಕ್ತ ತಂತ್ರಾಂಶದ ಆಟದಲ್ಲಿ ಸರಬರಾಜು ಇಲ್ಲ, ಆದರೆ ಹಿಡಿತದ ನಿಯಮ ಚೊಕ್ಕವಾಗಿದೆ. ಹಳೆಯ ಪೆಟ್ಟಿಗೆಯ ಆಟಗಳನ್ನು ದೂರದ ಗೆಳೆಯರೊಂದಿಗೆ ಆಡಲು ‘ವ್ಯಾಸಲ್’ ತಂತ್ರಾಂಶವಿದೆ.

ಅದಕ್ಕೂ ಮೊದಲು ಷಟ್ಕೋನದ ಒಂದು ಹಾಳೆ ಮುದ್ರಿಸಿಕೊಂಡು ನಾಣ್ಯಗಳನ್ನು ತೆಗೆದುಕೊಳ್ಳಿ. ಅಗಲ 10 ಮನೆ, ಉದ್ದ ಎಂಟೊಂಬತ್ತು ಸಾಲು. ನಡುವಿನ ಸಾಲಿನ 2, 4, 6, 8, 10ನೇ ಮನೆಗಳಲ್ಲಿ ಶತ್ರುವಿನ ಐದು ಕಾಯಿ; ಅವರ ಸರಬರಾಜು ಕೆಳಗಿನ ಅಂಚಿನಿಂದ. ಮೇಲ್ಗಡೆ ನಿಮ್ಮವು: ಎಂಟು ಮನೆ ನಡೆಯುವ ಎರಡು, ಮೂರು ಮನೆ ನಡೆಯುವ ಒಂದು. ದಾಳ ಬೇಡ. 4ನೇ ಮನೆಯ ಕಾಯಿಯನ್ನು ತೆಗೆದುಬಿಡಿ, ಅಲ್ಲಿ ಭೇದಿಸಿದ್ದಾಯಿತು ಎಂದುಕೊಳ್ಳಿ. ಈಗ ಹಿಡಿತವಿಲ್ಲದ ಮನೆ ಆ ಸಾಲಿನಲ್ಲಿ ಅದೊಂದೇ. ವೇಗದ ಎರಡನ್ನು ಅದರೊಳಗಿಂದ ನುಗ್ಗಿಸಿ ಎರಡು ಸಾಲು ಹಿಂದಿನ 6 ಮತ್ತು 9ನೇ ಮನೆಗಳಿಗೆ ಒಯ್ಯಿರಿ, ನಿಧಾನದ ಕಾಯಿಯನ್ನು 4ನೇ ಮನೆಯಲ್ಲೇ ನಿಲ್ಲಿಸಿ. ಬಲಗಡೆಯ ಮೂರು ಕಾಯಿಗಳಿಂದ, ನಿಮ್ಮ ಕಡೆಯ ಮೇಲಿನ ಸಾಲುಗಳನ್ನು ಸುತ್ತದೆ, ಕೆಳಗಿನ ಅಂಚಿಗೆ ದಾರಿ ಹುಡುಕಿ ನೋಡಿ, ಸಿಗುವುದಿಲ್ಲ.

ಇನ್ನು ಪಕ್ಷ ಬದಲಿಸಿ. ಆ ಐದು ಕಾಯಿಗಳು ನಿಮ್ಮವು, ಜೊತೆಗೆ ಒಂದೇ ಒಂದು ಮೀಸಲು ಕಾಯಿ ಇದೆ. ಅದನ್ನು ಎರಡು ಸಾಲು ಹಿಂದೆ 4ನೇ ಮನೆಯಲ್ಲಿಟ್ಟು ಅದೇ ದಾಳಿಯನ್ನು ಮತ್ತೆ ಆಡಿಸಿ. ಭೇದಿಸಿ ಒಳಬಂದ ವೇಗದ ಕಾಯಿ ಓಣಿ ದಾಟಿದ ಮರುಮನೆಯಲ್ಲೇ ನಿಂತುಬಿಡುತ್ತದೆ. ಮುಂದಿನ ಸಲ ಭೇದಿಸಿದ್ದು 8ನೇ ಮನೆಯಲ್ಲಿ ಎಂದುಕೊಳ್ಳಿ, ಎಲ್ಲಿ ಭೇದಿಸುತ್ತಾರೆ ಎಂದು ಮುಂಚೆಯೇ ತಿಳಿಯದು ಎಂದೂ ಇಟ್ಟುಕೊಳ್ಳಿ, ಆಗ ಆ ಒಂದು ಕಾಯಿಯನ್ನು ಎಲ್ಲಿಡುತ್ತೀರಿ ಎಂದು ಹಾಳೆಯ ಮೇಲೆ ಹುಡುಕಿ.